ಎಲ್ಲವೂ ಸೇರಿದ ದರ: ಕಾನ್‌ಕುನ್ ಕಡಲತೀರ, ಕೋಲಾರದ ಚಿನ್ನದ ಗಣಿ ಮತ್ತು ನಮ್ಮ ರಜೆಯ ಲೆಕ್ಕ

ಕಾಫಿ ಒಣಗಿ ಚೀಲ ಸೇರಿದೆ. ಅಡಿಕೆಯ ಕೊನೆಯ ಕೊಯ್ಲು ಮುಗಿದು ಸುಲಿದೂ ಆಗಿದೆ. ಹೂಮಳೆ ಬಂದು ಹೋದ ಮೇಲೆ, ಬೋರ್ಡೋ ದ್ರಾವಣದ ಡ್ರಮ್ಮನ್ನು ಹೊರಗೆ ತೆಗೆಯುವ ಮುಂಚೆ, ಬೆಳೆಗಾರನಿಗೆ ವರ್ಷದಲ್ಲಿ ಸಿಗುವ ಬಿಡುವೆಂದರೆ ಏಪ್ರಿಲ್ ಕೊನೆಯಿಂದ ಮೇ ತಿಂಗಳ ಮೂರನೆಯ ವಾರದವರೆಗಿನ ಕೆಲವು ದಿನಗಳು ಮಾತ್ರ. ಮಕ್ಕಳಿಗೂ ಶಾಲೆಗೆ ರಜೆ ಆಗಲೇ. "ಈ ವರ್ಷವಾದರೂ ಎಲ್ಲಿಗಾದರೂ ಹೋಗೋಣ" ಎಂಬ ಮಾತು ನಮ್ಮ ಸದಸ್ಯರ ಮನೆಗಳಲ್ಲಿ ಏಳುವುದು ಈ ದಿನಗಳಲ್ಲಿಯೇ.

ಹಿಂದಿನ ತಲೆಮಾರಿಗೆ ಪ್ರವಾಸವೆಂದರೆ ಧರ್ಮಸ್ಥಳ, ಸುಬ್ರಹ್ಮಣ್ಯ, ತಿರುಪತಿ. ಇಲ್ಲವಾದರೆ ನೆಂಟರ ಮನೆಯ ಮದುವೆ. ಈಗ ಹಾಗಿಲ್ಲ. ಅಮೆರಿಕದಲ್ಲೋ ಕೆನಡಾದಲ್ಲೋ ಕೆಲಸದಲ್ಲಿರುವ ಮಗ ಅಥವಾ ಮಗಳು ಮೆಕ್ಸಿಕೋ ದೇಶದ ಕಾನ್‌ಕುನ್ ಎಂಬ ಕಡಲತೀರಕ್ಕೆ ಸಂಸಾರ ಸಮೇತ ಹೋಗಿ ಬಂದು ಚಿತ್ರಗಳನ್ನು ಕಳಿಸುತ್ತಾರೆ. ನೀಲಿ ಸಮುದ್ರ, ಬಿಳಿ ಮರಳು, ಎಲ್ಲರ ಕೈಯಲ್ಲೂ ಒಂದೊಂದು ಬಣ್ಣದ ಪಟ್ಟಿ. "ಅಪ್ಪಾ, ಇಲ್ಲಿ ಕೈಪಟ್ಟಿ ತೋರಿಸಿದರೆ ಸಾಕು. ಊಟ, ತಿಂಡಿ, ಪಾನೀಯ, ಆಟ, ದೋಣಿ ಎಲ್ಲವೂ ಸೇರಿದೆ. ಜೇಬಿಗೆ ಕೈ ಹಾಕುವ ಪ್ರಸಂಗವೇ ಇಲ್ಲ" ಎಂದು ಹೇಳುತ್ತಾರೆ. ಇಂತಹ ಪ್ಯಾಕೇಜುಗಳು ಈಗ ನಮ್ಮ ರಾಜ್ಯದಲ್ಲಿಯೂ ಇವೆ. ನಮ್ಮಲ್ಲಿ ಕೆಲವರು ತಮ್ಮ ತೋಟದಲ್ಲಿಯೇ ಅತಿಥಿಗಳಿಗೆ ಹೋಂಸ್ಟೇ ನಡೆಸಿ ಇಂತಹ ದರವನ್ನೇ ಹಾಕುತ್ತಿದ್ದಾರೆ. ಆದ್ದರಿಂದ "ಎಲ್ಲವೂ ಸೇರಿದೆ" ಎಂಬ ಈ ವ್ಯವಸ್ಥೆಯ ಒಳಹೊರಗನ್ನು ಬೆಳೆಗಾರರು ತಿಳಿದಿರುವುದು ಒಳ್ಳೆಯದು. ಕೊಳ್ಳುವವರಿಗೂ ಅದು ಬೇಕು, ಮಾರುವವರಿಗೂ ಬೇಕು.

ಮಣಿಗಳೇ ನಾಣ್ಯವಾದ ಬಿಡಾರ

ಈ ಪದ್ಧತಿ ಹುಟ್ಟಿದ್ದು ಮೆಕ್ಸಿಕೋದಲ್ಲಿ ಅಲ್ಲ, ಯುರೋಪಿನಲ್ಲಿ. ಎರಡನೆಯ ಮಹಾಯುದ್ಧ ಮುಗಿದು ಜನ ದಣಿದಿದ್ದ ಕಾಲ. ಬೆಲ್ಜಿಯಂ ದೇಶದ ಜೆರಾರ್ ಬ್ಲಿಟ್ಸ್ ಎಂಬವರು 1950ರಲ್ಲಿ ಸ್ಪೇನಿಗೆ ಸೇರಿದ ಮಯೋರ್ಕಾ ದ್ವೀಪದ ಕಡಲತೀರದಲ್ಲಿ ಡೇರೆಗಳನ್ನು ಹಾಕಿಸಿ, ಒಂದೇ ಹಣಕ್ಕೆ ವಸತಿ, ಊಟ, ಆಟ ಮೂರನ್ನೂ ಒದಗಿಸುವ ಬಿಡಾರವನ್ನು ತೆರೆದರು. ಮುಂದೆ ಕ್ಲಬ್ ಮೆಡ್ ಎಂದು ಹೆಸರಾದ ಸಂಸ್ಥೆ ಇದೇ. ಬಿಡಾರದೊಳಗೆ ಹಣ ಚಲಾವಣೆಯಾಗಬಾರದೆಂದು, ಮೇಲ್ಖರ್ಚಿನ ಪಾನೀಯಗಳಿಗೆ ಬಣ್ಣದ ಮಣಿಗಳನ್ನು ನಾಣ್ಯದಂತೆ ಬಳಸುವ ರೂಢಿಯೂ ಅಲ್ಲಿ ಬೆಳೆಯಿತು. ಇಂದಿನ ಕೈಪಟ್ಟಿ ಆ ಮಣಿಯ ವಂಶದ್ದೇ.

ಎಲ್ಲವನ್ನೂ ಸೇರಿಸಿ ಒಂದೇ ದರ ಹೇಳಿದರೆ ಮಾಲೀಕನಿಗೆ ನಷ್ಟವಾಗುವುದಿಲ್ಲವೇ? ಆಗುವುದಿಲ್ಲ. ಮದುವೆ ಮನೆಯಲ್ಲಿ ಸಾವಿರ ಜನರ ಊಟಕ್ಕೆ ಇಷ್ಟು ಸೇರು ಅಕ್ಕಿ, ಇಷ್ಟು ಬೇಳೆ ಎಂದು ಅಡಿಗೆಭಟ್ಟರು ಕಣ್ಣಂದಾಜಿನಲ್ಲಿಯೇ ಹೇಳಿಬಿಡುತ್ತಾರೆ. ಒಬ್ಬ ಎರಡು ಹೋಳಿಗೆ ಹೆಚ್ಚು ತಿನ್ನಬಹುದು, ಇನ್ನೊಬ್ಬ ಎಲೆಯಲ್ಲಿಯೇ ಬಿಡಬಹುದು. ಸಾವಿರ ಜನರಲ್ಲಿ ಅದು ಸರಿದೂಗಿ ಹೋಗುತ್ತದೆ. ರಿಸಾರ್ಟಿನ ಲೆಕ್ಕವೂ ಇದೇ. ತಲೆಗೆ ಸರಾಸರಿ ಖರ್ಚು ಎಷ್ಟೆಂದು ಅವರಿಗೆ ಗೊತ್ತು. ಸಾಮಾನನ್ನು ಸಗಟಿನಲ್ಲಿ ಕೊಳ್ಳುತ್ತಾರೆ. ಪ್ರತಿ ಲೋಟಕ್ಕೂ ಬಿಲ್ಲು ಬರೆಯುವ ಕೆಲಸವಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಅತಿಥಿ ತಿಂಗಳುಗಟ್ಟಲೆ ಮುಂಚಿತವಾಗಿ ಹಣ ಕಟ್ಟುತ್ತಾನೆ. ಆ ಹಣ ಬಡ್ಡಿಯಿಲ್ಲದ ದುಡಿಮೆಯ ಬಂಡವಾಳವಾಗುತ್ತದೆ. ಅತಿಥಿಗೂ ಲಾಭವಿಲ್ಲದಿಲ್ಲ. ಖರ್ಚು ಎಷ್ಟೆಂದು ಮನೆ ಬಿಡುವ ಮೊದಲೇ ಗೊತ್ತಿರುತ್ತದೆ. ಮಕ್ಕಳು ಇನ್ನೊಂದು ಐಸ್‌ಕ್ರೀಮು ಕೇಳಿದರೆ ಗದರಿಸಬೇಕಾಗಿಲ್ಲ.

ಹಾಗೆಯೇ ಮನೆಯ ಹೆಂಗಸರ ಮಾತನ್ನೂ ಇಲ್ಲಿ ಹೇಳಲೇಬೇಕು. ಕೊಯ್ಲಿನ ಕಾಲದಲ್ಲಿ ಬೆಳಗ್ಗೆ ಐದಕ್ಕೆ ಒಲೆ ಹೊತ್ತಿಸಿ, ಆಳುಗಳ ಕಾಫಿ ತಿಂಡಿಯಿಂದ ರಾತ್ರಿಯ ಊಟದವರೆಗೆ ನಿಂತೇ ಇರುವ ಗೃಹಿಣಿಗೆ, ಮೂರು ಹೊತ್ತು ಬೇರೆಯವರು ಬೇಯಿಸಿ ಬಡಿಸುವ ಎರಡು ದಿನ ಸಿಕ್ಕುವುದು ಸಣ್ಣ ಸಂಗತಿಯಲ್ಲ. ಬಾಡಿಗೆ ಮನೆ ಹಿಡಿದು, ಸ್ಟವ್ವು ಪಾತ್ರೆ ಕಟ್ಟಿಕೊಂಡು ಹೋದ ಪ್ರವಾಸದಲ್ಲಿ ಗಂಡಸರಿಗೆ ಮಕ್ಕಳಿಗೆ ರಜೆ. ಆಕೆಗೆ ಅಡಿಗೆಮನೆ ಬದಲಾಗಿರುತ್ತದೆ, ಅಷ್ಟೆ. ಈ ಒಂದು ಕಾರಣಕ್ಕೇ ಎಲ್ಲವೂ ಸೇರಿದ ದರ ಅನೇಕರಿಗೆ ಒಪ್ಪಿಗೆಯಾಗುತ್ತದೆ.

ಕಾನ್‌ಕುನ್ ಕಥೆ

ಕಾನ್‌ಕುನ್ ಎಂಬುದು ತಾನಾಗಿ ಬೆಳೆದ ಊರಲ್ಲ. 1960ರ ದಶಕದ ಕೊನೆಯವರೆಗೆ ಅದು ಬೆರಳೆಣಿಕೆಯ ಜನರಿದ್ದ ಮರಳಿನ ಪಟ್ಟಿ. ದೇಶಕ್ಕೆ ವಿದೇಶಿ ವಿನಿಮಯ ಬೇಕೆಂದು ಮೆಕ್ಸಿಕೋದ ಕೇಂದ್ರ ಬ್ಯಾಂಕಿನವರು ಹೊಸ ಕಡಲತೀರಗಳನ್ನು ಹುಡುಕಿ, ಲೆಕ್ಕಾಚಾರ ಮಾಡಿ ಇದನ್ನು ಆರಿಸಿದರು. 1970ರಲ್ಲಿ ಕೆಲಸ ಆರಂಭವಾಗಿ 1974ರ ಹೊತ್ತಿಗೆ ಮೊದಲ ಹೋಟೆಲುಗಳು ಬಾಗಿಲು ತೆರೆದವು. 2020ರ ಜನಗಣತಿಯ ವೇಳೆಗೆ ಅಲ್ಲಿನ ಜನಸಂಖ್ಯೆ ಎಂಟೂವರೆ ಲಕ್ಷವನ್ನು ದಾಟಿತ್ತು. ಸಮುದ್ರಕ್ಕೂ ಹಿನ್ನೀರಿಗೂ ನಡುವೆ ಇರುವ ಉದ್ದನೆಯ ಪಟ್ಟಿಯಲ್ಲಿ ಹೋಟೆಲುಗಳು; ಅಲ್ಲಿ ಹಾಸಿಗೆ ಹಾಸುವವರು, ಪಾತ್ರೆ ತೊಳೆಯುವವರು, ತೋಟ ನೋಡುವವರು ವಾಸಿಸುವುದು ಒಳನಾಡಿನ ಪಟ್ಟಣದಲ್ಲಿ. ಮೆಕ್ಸಿಕೋದ ಕಾನೂನಿನಂತೆ ಕಡಲತೀರ ಸಾರ್ವಜನಿಕರ ಸ್ವತ್ತು. ಆದರೂ ಹೋಟೆಲುಗಳ ನಡುವೆ ದಾರಿ ಸಿಗದೆ, ದಾರಿ ತಡೆದವರಿಗೆ ದಂಡ ವಿಧಿಸುವ ತಿದ್ದುಪಡಿಯನ್ನು 2020ರಲ್ಲಿ ತರಬೇಕಾಯಿತು.

ನಮ್ಮ ಓದುಗರಿಗೆ ಆಸಕ್ತಿಯ ಸಂಗತಿಗಳು ಅಲ್ಲಿ ಇನ್ನೂ ಇವೆ. ಮೆಕ್ಸಿಕೋ ಕೂಡ ಕಾಫಿಯ ನಾಡು. ಚಿಯಾಪಸ್, ಓಹಾಕಾ, ವೆರಾಕ್ರೂಸ್ ಪ್ರಾಂತಗಳ ಗುಡ್ಡಗಳಲ್ಲಿ ನೆರಳಿನ ಕೆಳಗೆ ಅರೇಬಿಕಾ ಬೆಳೆಯುವವರಲ್ಲಿ ಹೆಚ್ಚಿನವರು ನಮ್ಮಂತೆಯೇ ಸಣ್ಣ ಹಿಡುವಳಿದಾರರು. 1958ರಲ್ಲಿ ಅಲ್ಲಿನ ಸರ್ಕಾರ ಸ್ಥಾಪಿಸಿದ ಕಾಫಿ ಸಂಸ್ಥೆಯೊಂದು ಸಾಲ, ಗೊಬ್ಬರ, ಸಲಹೆ, ಖರೀದಿ ಎಲ್ಲವನ್ನೂ ನೋಡಿಕೊಳ್ಳುತ್ತಿತ್ತು. 1989ರ ಜುಲೈಯಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ ಮುರಿದು ಬಿದ್ದು ಬೆಲೆ ಕುಸಿಯಿತು. ಅದೇ ಹೊತ್ತಿನಲ್ಲಿ ಸರ್ಕಾರ ಆ ಸಂಸ್ಥೆಯನ್ನೂ ಕಳಚಲು ಆರಂಭಿಸಿತು. ಬೆಳೆಗಾರರು ಒಮ್ಮೆಗೇ ಬಯಲಿಗೆ ಬಿದ್ದರು. ಚಿಯಾಪಸ್‌ನಿಂದ ಕಾನ್‌ಕುನ್ ಕಡೆಗೆ ಕೂಲಿ ಹುಡುಕಿ ಹೋದವರಲ್ಲಿ ಇಂತಹ ಕುಟುಂಬಗಳೂ ಇದ್ದವು. ಓಹಾಕಾದಲ್ಲಿ ಮಾತ್ರ ಊಸಿರಿ ಎಂಬ ಸಣ್ಣ ಬೆಳೆಗಾರರ ಸಂಘ 1980ರ ದಶಕದ ಆರಂಭದಲ್ಲಿಯೇ ಕಟ್ಟಿಕೊಂಡು, 1988ರಿಂದ ಹಾಲೆಂಡಿನ ಮಾರುಕಟ್ಟೆಗೆ ನ್ಯಾಯಬೆಲೆಯ ಮುದ್ರೆಯೊಂದಿಗೆ ತನ್ನ ಕಾಫಿಯನ್ನು ನೇರವಾಗಿ ಕಳಿಸುತ್ತಿತ್ತು. ತಮ್ಮದೇ ಸಂಘವಿದ್ದವರಿಗೆ ಹಿಡಿದುಕೊಳ್ಳಲು ಒಂದು ಕೊಂಬೆಯಿತ್ತು.

ಆ ಕಡಲತೀರದ ತೆಂಗಿನ ತೋಟಗಳ ಗತಿಯೂ ತಿಳಿಯಬೇಕಾದದ್ದೇ. 1970ರ ದಶಕದ ಕೊನೆಯಿಂದ ಮಾರಕ ಹಳದಿ ರೋಗ ಯೂಕಟಾನ್ ತೀರದ ಎತ್ತರದ ತೆಂಗಿನ ಮರಗಳನ್ನು ಸಾಲುಸಾಲಾಗಿ ಬಲಿ ತೆಗೆದುಕೊಂಡಿತು. ನಮ್ಮ ಸುಳ್ಯ, ಸಂಪಾಜೆ, ಶೃಂಗೇರಿ, ಕೊಪ್ಪದ ಅಡಿಕೆಗೆ ತಗಲಿರುವ ಹಳದಿ ಎಲೆ ರೋಗದಂತೆ ಅದಕ್ಕೂ ಕಾರಣ ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ. ತೆಂಗು ಹೋದಲ್ಲಿ ಹೋಟೆಲಿನ ಕೂಲಿಯೊಂದೇ ಉಳಿಯಿತು. ಆ ಕೂಲಿಯೂ ಸ್ಥಿರವಲ್ಲ. 1988ರ ಗಿಲ್ಬರ್ಟ್ ಮತ್ತು 2005ರ ವಿಲ್ಮಾ ಚಂಡಮಾರುತಗಳು ಬಂದಾಗ, 2020ರಲ್ಲಿ ಕೊರೋನಾ ಬಂದಾಗ ಹೋಟೆಲು ಖಾಲಿಯಾಯಿತು. ಊರಿಡೀ ಖಾಲಿ ಕೂತಿತು.

ಎಲ್ಲವೂ ಸೇರಿದ್ದ ನಮ್ಮದೇ ಒಂದು ಊರು

ಇದೆಲ್ಲ ದೂರದ ದೇಶದ ಮಾತೆಂದು ತಳ್ಳಿಹಾಕುವಂತಿಲ್ಲ. ಒಂದೇ ಕೈ ಎಲ್ಲವನ್ನೂ ಕೊಡುವ ಊರು ಹೇಗಿರುತ್ತದೆ, ಆ ಕೈ ಹಿಂದಕ್ಕೆ ಸರಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲಿಯೇ ದೊಡ್ಡ ಉದಾಹರಣೆಯಿದೆ. ಅದು ಬಂಗಾರಪೇಟೆಯ ಪಕ್ಕದ ಕೋಲಾರ ಚಿನ್ನದ ಗಣಿ, ಅಂದರೆ ಕೆ.ಜಿ.ಎಫ್.

ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿಗೆ ಕಾಲಿಟ್ಟದ್ದು 1880ರಲ್ಲಿ. ಮೈಸೂರು ಮೈನ್ಸ್, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಎಂದು ಒಂದರ ಪಕ್ಕ ಒಂದು ಗಣಿ ಬೆಳೆದವು. ಬೌರಿಂಗ್‌ಪೇಟೆ ಎಂದು ಆಗ ಹೆಸರಿದ್ದ ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗೆ 1894ರಲ್ಲಿ ರೈಲು ಬಂತು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಸುಮಾರು 147 ಕಿಲೋಮೀಟರು ತಂತಿಯ ಮೇಲೆ ಹರಿದು ಬಂದದ್ದು ಈ ಗಣಿಗಳಿಗಾಗಿ. ಬೆಂಗಳೂರಿಗೆ ದೀಪ ಬಂದದ್ದು ಅದಾದ ಮೂರು ವರ್ಷಕ್ಕೆ. ಬೇತಮಂಗಲದ ಕೆರೆಯಿಂದ ಕುಡಿಯುವ ನೀರು. ಕಂಪನಿಯ ಮನೆ, ಕಂಪನಿಯ ದೀಪ, ಕಂಪನಿಯ ನೀರು, ಕಂಪನಿಯ ಆಸ್ಪತ್ರೆ. ಅಧಿಕಾರಿಗಳಿಗೆ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ ಎಲ್ಲವೂ ಇದ್ದುದರಿಂದ ಊರಿಗೆ ಪುಟ್ಟ ಇಂಗ್ಲೆಂಡ್ ಎಂಬ ಅಡ್ಡಹೆಸರೇ ಬಂತು. ಇಂದಿನ ರಿಸಾರ್ಟಿನ ಭಾಷೆಯಲ್ಲಿ ಹೇಳುವುದಾದರೆ, ಅಲ್ಲಿ ಎಲ್ಲವೂ ಸೇರಿತ್ತು.

ಆದರೆ ಎಲ್ಲರಿಗೂ ಒಂದೇ ಸಮನಾಗಿ ಸೇರಿರಲಿಲ್ಲ. ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಕಡೆಗಳಿಂದ ಬಂದು ನೆಲದಡಿ ಇಳಿಯುತ್ತಿದ್ದ ಕಾರ್ಮಿಕರ ಪಾಲಿಗೆ ಬಂದದ್ದು ಇಕ್ಕಟ್ಟಾದ ಸಾಲುಮನೆ. ಚಾಂಪಿಯನ್ ರೀಫ್ ಗಣಿ ಸುಮಾರು 3,200 ಮೀಟರು ಆಳಕ್ಕೆ ಹೋಗಿತ್ತು. ಆ ಆಳದಲ್ಲಿ ಬಂಡೆಯೇ ಕಾದಿರುತ್ತಿತ್ತು. ಒತ್ತಡಕ್ಕೆ ಬಂಡೆ ಸಿಡಿದು ಜನ ಸಾಯುತ್ತಿದ್ದರು. ಕಲ್ಲಿನ ಧೂಳಿನಿಂದ ಬರುವ ಸಿಲಿಕೋಸಿಸ್ ಶ್ವಾಸಕೋಶದ ಕಾಯಿಲೆಗೆ ಪರಿಹಾರ ಕೊಡಬೇಕೆಂಬ ನಿಯಮ ಮೈಸೂರು ಸಂಸ್ಥಾನದಲ್ಲಿ ಬಂದದ್ದು 1940ರಲ್ಲಿ. ಚಿನ್ನ ಕಳುವಾಗುತ್ತದೆಂಬ ಶಂಕೆಯಿಂದ ಕಾರ್ಮಿಕರ ಮೇಲೆ ಕಾವಲು, ತಪಾಸಣೆ ಸದಾ ಇತ್ತು. ಪ್ರತಿಯೊಬ್ಬರ ಬೆರಳಚ್ಚು ತೆಗೆದು ನೋಂದಾಯಿಸಲು ಹೊರಟಾಗ, 1930ರಲ್ಲಿ ಸುಮಾರು ಮೂರು ವಾರ ಕಾಲ ಗಣಿಗಳು ನಿಂತೇಹೋದವು. ಯಾರು ಒಳಗಿನವರು, ಯಾರು ಎಷ್ಟಕ್ಕೆ ಅರ್ಹರು ಎಂದು ಗುರುತು ಹಾಕುವ ಕೆಲಸ, ಎಲ್ಲವನ್ನೂ ಒಂದೇ ಕೈ ಕೊಡುವ ಜಾಗದಲ್ಲಿ ಒಂದಲ್ಲ ಒಂದು ರೂಪದಲ್ಲಿ ಇದ್ದೇ ಇರುತ್ತದೆ. ರಜೆಗೆ ಹೋದವನ ಕೈಪಟ್ಟಿ ನಾಲ್ಕು ದಿನದ್ದು, ಮನಸ್ಸಿಗೆ ಹಿತವಾದದ್ದು. ದುಡಿಯಲು ಹೋದವನ ಬೆರಳಚ್ಚು ಹಾಗಲ್ಲ.

1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ಕೈಗೆ, 1962ರಲ್ಲಿ ಕೇಂದ್ರ ಸರ್ಕಾರದ ಕೈಗೆ ಬಂದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಕಂಪನಿಯಾಯಿತು. ನೂರಿಪ್ಪತ್ತು ವರ್ಷಗಳಲ್ಲಿ 800 ಟನ್ನಿಗೂ ಮೇಲೆ ಚಿನ್ನ ಕೊಟ್ಟ ಗಣಿ, ಅದಿರು ತೆಳುವಾಗಿ, ಆಳ ಹೆಚ್ಚಾಗಿ, ತೆಗೆಯುವ ಖರ್ಚು ಚಿನ್ನದ ಬೆಲೆಯನ್ನು ಮೀರಿ, 2001ರ ಫೆಬ್ರುವರಿ 28ರಂದು ಮುಚ್ಚಿತು.

ಆ ಮರುದಿನದಿಂದ ಏನಾಯಿತೆಂಬುದೇ ನಮಗೆ ಪಾಠ. ಸಂಬಳ ನಿಂತರೆ ಬೇರೆ ಕೆಲಸ ಹುಡುಕಬಹುದು. ಇಲ್ಲಿ ಸಂಬಳದ ಜೊತೆಗೆ ಮನೆಯ ಹಕ್ಕು ಯಾರದೆಂಬ ಪ್ರಶ್ನೆ ಎದ್ದಿತು. ನೀರು, ದೀಪ, ಆಸ್ಪತ್ರೆ ಯಾರು ನಡೆಸಬೇಕೆಂಬ ಪ್ರಶ್ನೆ ಎದ್ದಿತು. ಮಾಜಿ ಕಾರ್ಮಿಕರ ಕುಟುಂಬಗಳು ಅದೇ ಸಾಲುಮನೆಗಳಲ್ಲಿ ಉಳಿದು, ಮನೆಯ ಹಕ್ಕುಪತ್ರಕ್ಕೂ ಬಾಕಿ ಹಣಕ್ಕೂ ವರ್ಷಗಟ್ಟಲೆ ಅರ್ಜಿ ಹಿಡಿದು ಅಲೆದವು. 1964ರಲ್ಲಿ ಸ್ಥಾಪನೆಯಾದ ಬಿ.ಇ.ಎಂ.ಎಲ್. ಕಾರ್ಖಾನೆ ಪಕ್ಕದಲ್ಲಿದ್ದರೂ ಗಣಿಯವರೆಲ್ಲರಿಗೆ ಅಲ್ಲಿ ಜಾಗವಿರಲಿಲ್ಲ. ಇಂದು ಮಾರಿಕುಪ್ಪಂನಿಂದ ಬಂಗಾರಪೇಟೆಯ ಮೂಲಕ ಬೆಂಗಳೂರಿಗೆ ನಸುಕಿನಲ್ಲಿ ಹೊರಡುವ ರೈಲುಗಳು ಗಣಿ ಕಾರ್ಮಿಕರ ಮಕ್ಕಳು ಮೊಮ್ಮಕ್ಕಳಿಂದ ತುಂಬಿರುತ್ತವೆ. ಹೋಗುವುದಕ್ಕೆ ಎರಡು ಮೂರು ಗಂಟೆ, ಬರುವುದಕ್ಕೆ ಅಷ್ಟೇ. ಎಲ್ಲವೂ ಸೇರಿದ್ದ ಊರಿನಲ್ಲಿ, ಸ್ವಂತಕ್ಕೆಂದು ಬೆಳೆದ ಅಂಗಡಿ, ಕಸುಬು, ಉಳಿತಾಯದ ಸಂಘಗಳು ಕಡಿಮೆ. ಕಂಪನಿ ಕೆಟ್ಟದೆಂದೋ ಒಳ್ಳೆಯದೆಂದೋ ಇಲ್ಲಿ ತೀರ್ಪು ಕೊಡಬೇಕಾಗಿಲ್ಲ. ಒಂದೇ ಮರದ ನೆರಳನ್ನು ನಂಬಿದ ಗಿಡ, ಆ ಮರ ಬಿದ್ದ ದಿನ ಬಿಸಿಲಿಗೆ ಬಾಡುತ್ತದೆ ಎಂಬುದು ಕಾಫಿ ಬೆಳೆಯುವವರಿಗೆ ಹೇಳಿಕೊಡಬೇಕಾದ ಮಾತಲ್ಲ.

ಇದರ ರುಚಿ ನಮಗೂ ಸ್ವಲ್ಪ ಗೊತ್ತಿದೆ. 1940ರ ದಶಕದಿಂದ ಅರ್ಧ ಶತಮಾನ ಕಾಲ ಕಾಫಿ ಬೆಳೆಗಾರರು ಇಡೀ ಬೆಳೆಯನ್ನು ಕಾಫಿ ಮಂಡಳಿಯ ಪೂಲಿಗೆ ಒಪ್ಪಿಸಿ, ಕಂತುಕಂತಾಗಿ ಹಣ ಪಡೆಯುತ್ತಿದ್ದರು. 1990ರ ದಶಕದ ಆರಂಭದಲ್ಲಿ ಅದು ಹಂತಹಂತವಾಗಿ ಸಡಿಲಗೊಂಡು 1996ರಲ್ಲಿ ಪೂರ್ತಿ ಮುಗಿಯಿತು. ಮೊದಲ ವರ್ಷಗಳಲ್ಲಿ ಬ್ರೆಜಿಲ್‌ನ ಹಿಮದಿಂದ ಬೆಲೆ ಏರಿದ್ದರಿಂದ ನೋವು ತಿಳಿಯಲಿಲ್ಲ. 2000ದ ಆಚೀಚೆ ಬೆಲೆ ನೆಲ ಕಚ್ಚಿದಾಗ, ಮಾರುವ ವಿದ್ಯೆ ಕಲಿಯದವರು ಯಾರೆಂದು ಗೊತ್ತಾಯಿತು. ಅಡಿಕೆಯವರ ಅನುಭವ ಬೇರೆ. ಬೆಲೆ ಕುಸಿತದ ಪೆಟ್ಟು ತಿಂದ ಮೇಲೆ 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೋ ಹುಟ್ಟಿತು. ಅಲ್ಲಿಯೂ ಖರೀದಿ ಒಂದೇ ಕಡೆ. ಆದರೆ ಬಾಗಿಲಿನ ಬೀಗದ ಕೈ ಸದಸ್ಯರ ಹತ್ತಿರ ಇದೆ. ವ್ಯತ್ಯಾಸ ಇರುವುದು ಅಲ್ಲಿಯೇ.

ನಮ್ಮ ಹತ್ತಿರದ ಪ್ಯಾಕೇಜುಗಳು

ಈಗ ರಜೆಯ ಮಾತಿಗೆ ಬರೋಣ. ಕರ್ನಾಟಕದಲ್ಲಿ ಎಲ್ಲವೂ ಸೇರಿದ ದರವನ್ನು ಜನಪ್ರಿಯಗೊಳಿಸಿದ್ದು ಖಾಸಗಿಯವರಿಗಿಂತ ಮೊದಲು ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ. 1980ರಲ್ಲಿ ಆರಂಭವಾದ ಈ ಸಂಸ್ಥೆ, ಕಬಿನಿ ದಂಡೆಯ ಕಾರಾಪುರದಲ್ಲಿ ಮೈಸೂರು ಮಹಾರಾಜರ ಬೇಟೆಯ ಬಂಗಲೆಯಿದ್ದ ಜಾಗದಲ್ಲಿ ಬಿಡಾರ ತೆರೆಯಿತು. ವಸತಿ, ಊಟ, ಕಾಡಿನ ಸಫಾರಿ ಮೂರೂ ಸೇರಿ ತಲೆಗೆ ಇಷ್ಟು ಎಂಬುದು ಅಲ್ಲಿನ ಪದ್ಧತಿ. ಕಾರವಾರದಲ್ಲಿ ಕಾಳಿ ನದಿ ಸಮುದ್ರ ಸೇರುವ ಕಡೆ, ದೇವಬಾಗದ ಗಾಳಿಮರದ ತೋಪಿನಲ್ಲಿಯೂ ಇದೇ ಸಂಸ್ಥೆ ಇಂತಹದೇ ದರದಲ್ಲಿ ಕಡಲತೀರದ ಬಿಡಾರವನ್ನು ನಡೆಸಿತು. ಖಾಸಗಿ ರಿಸಾರ್ಟುಗಳು ಆಮೇಲೆ ಕೊಡಗು, ಚಿಕ್ಕಮಗಳೂರು, ಸಕಲೇಶಪುರ, ಕರಾವಳಿ ಎಲ್ಲೆಡೆ ಬಂದವು.

ದರ ಕೇಳಿದ ಕೂಡಲೇ ಹೆಚ್ಚಾಯಿತು ಅಥವಾ ಕಡಿಮೆಯಾಯಿತು ಎನ್ನುವ ಬದಲು ಲೆಕ್ಕ ಬಿಡಿಸಿ ನೋಡಬೇಕು. ಉದಾಹರಣೆಗಾಗಿ, ಅಂಕಿಗಳನ್ನು ಲೆಕ್ಕದ ಅನುಕೂಲಕ್ಕೆ ಹಿಡಿದುಕೊಳ್ಳೋಣ. ಗಂಡ, ಹೆಂಡತಿ, ಅಜ್ಜಿ, ಇಬ್ಬರು ಮಕ್ಕಳು. ಒಟ್ಟು ಐದು ಜನ. ತಲೆಗೆ ದಿನಕ್ಕೆ 5,000 ರೂಪಾಯಿ, ಮಕ್ಕಳಿಗೆ ಅರ್ಧ ಎಂದಿಟ್ಟುಕೊಂಡರೆ ದಿನಕ್ಕೆ 20,000. ಎರಡು ದಿನಕ್ಕೆ 40,000. ಅದನ್ನೇ ಬಿಡಿಬಿಡಿಯಾಗಿ ಮಾಡಿದರೆ ಎರಡು ಕೊಠಡಿಗೆ 6,000, ಐವರ ಊಟ ತಿಂಡಿಗೆ 3,500, ದೋಣಿ ಮತ್ತು ಇತರ ನೋಟಗಳಿಗೆ 2,500, ಸ್ಥಳೀಯ ವಾಹನಕ್ಕೆ 2,000. ದಿನಕ್ಕೆ 14,000, ಎರಡು ದಿನಕ್ಕೆ 28,000. ವ್ಯತ್ಯಾಸ 12,000 ರೂಪಾಯಿ. ಇದರಲ್ಲಿ ಸ್ವಲ್ಪ ಭಾಗ ನಿಶ್ಚಿಂತೆಯ ಬೆಲೆ, ಅದನ್ನು ಕೊಡುವುದು ತಪ್ಪಲ್ಲ. ಆದರೆ ಅಜ್ಜಿ ದೋಣಿ ಹತ್ತುವುದಿಲ್ಲ, ಸಫಾರಿ ಜೀಪಿನಲ್ಲಿ ಬೆನ್ನು ತಡೆಯುವುದಿಲ್ಲ, ರಾತ್ರಿಗೆ ಒಂದು ಲೋಟ ಮಜ್ಜಿಗೆ ಸಾಕು ಎನ್ನುತ್ತಾರೆ; ಅವರ ಹೆಸರಿನಲ್ಲಿಯೂ ಪೂರ್ತಿ ದರ ಕಟ್ಟಿರುತ್ತೇವೆ. ಮದ್ಯ ಮುಟ್ಟದ ಸಂಸಾರ ಮದ್ಯ ಸೇರಿದ ದರ ಕಟ್ಟುವುದೂ ಹೀಗೆಯೇ. ಆಟವಾಡುವ ಮಕ್ಕಳು, ಈಜುವ ಹರೆಯದವರು ಹೆಚ್ಚಿದ್ದರೆ ಪ್ಯಾಕೇಜು ಲಾಭ. ವಯಸ್ಸಾದವರು, ಪಥ್ಯದವರು ಹೆಚ್ಚಿದ್ದರೆ ಬಿಡಿ ಲೆಕ್ಕವೇ ಲೇಸು.

ಹಣ ಕಟ್ಟುವ ಮೊದಲು ಈ ಕೆಲವು ಸಂಗತಿಗಳನ್ನು ಬರವಣಿಗೆಯಲ್ಲಿ ಕೇಳಿ ತಿಳಿದುಕೊಳ್ಳಬೇಕು.

1. ಹೇಳಿದ ದರದಲ್ಲಿ ತೆರಿಗೆ ಸೇರಿದೆಯೇ, ಇಲ್ಲವೇ? ಅರಣ್ಯ ಪ್ರವೇಶ, ಕ್ಯಾಮರಾ ಶುಲ್ಕ ಯಾರ ಲೆಕ್ಕಕ್ಕೆ?

2. ಒಂದು ದಿನ ಎಂದರೆ ಎಷ್ಟು ಗಂಟೆ? ಮಧ್ಯಾಹ್ನ ಒಂದಕ್ಕೆ ಒಳಗೆ, ಮರುದಿನ ಬೆಳಗ್ಗೆ ಹತ್ತಕ್ಕೆ ಹೊರಗೆ ಎಂದಾದರೆ ಅದು ಇಪ್ಪತ್ತೊಂದೇ ಗಂಟೆ.

3. ಮಕ್ಕಳ ದರ ಎಷ್ಟನೆಯ ವಯಸ್ಸಿನವರೆಗೆ? ಹೆಚ್ಚುವರಿ ಹಾಸಿಗೆಗೆ ಬೇರೆ ಹಣವೇ?

4. ಮಳೆಯಿಂದಲೋ ಅಲೆಯಿಂದಲೋ ದೋಣಿ ನಿಂತರೆ ಅದರ ಹಣ ಮರಳಿ ಬರುತ್ತದೆಯೇ?

5. ಮನೆಯಲ್ಲಿ ಅನಾರೋಗ್ಯವಾಗಿ ಹೋಗಲಾಗದಿದ್ದರೆ ಎಷ್ಟು ದಿನ ಮುಂಚೆ ತಿಳಿಸಬೇಕು, ಎಷ್ಟು ಹಣ ಕಳೆಯುತ್ತಾರೆ?

6. ಬೆಂಗಳೂರಿನಿಂದಲೋ ಮಂಗಳೂರಿನಿಂದಲೋ ಬಿಡಾರದ ಬಾಗಿಲಿನವರೆಗಿನ ಪ್ರಯಾಣ ದರದಲ್ಲಿ ಸೇರಿದೆಯೇ?

ಆರಕ್ಕೂ ನೇರವಾದ ಉತ್ತರ ಕೊಡುವ ಸಂಸ್ಥೆಯಾದರೆ ಧೈರ್ಯವಾಗಿ ಹೋಗಬಹುದು. ಉತ್ತರ ಕೊಡದೆ ಬರೀ ಚಿತ್ರ ಕಳಿಸುವವರಾದರೆ, ದೂರದ ಬೆಟ್ಟ ನುಣ್ಣಗೆ ಎಂದು ತಿಳಿಯಬೇಕು.

ನಾವೇ ಅತಿಥಿಗಳನ್ನು ಕರೆಯುವಾಗ

ತೋಟದ ಮನೆಯಲ್ಲಿ ಹೋಂಸ್ಟೇ ನಡೆಸುವ ಸದಸ್ಯರಿಗೂ ಮೇಲಿನ ಕಥೆಗಳಿಂದ ಕಲಿಯುವುದಿದೆ. ಮನೆಯವರು ಅಲ್ಲಿಯೇ ವಾಸವಾಗಿದ್ದು, ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಾಯಿಸಿಕೊಂಡಿರಬೇಕು. ವಿದೇಶಿ ಅತಿಥಿ ಬಂದರೆ 24 ಗಂಟೆಯೊಳಗೆ ಮಾಹಿತಿ ಕೊಡಬೇಕು. ಇವು ಕಾಯಿದೆಯ ಮಾತು. ವ್ಯವಹಾರದ ಮಾತೇನೆಂದರೆ, ಎಲ್ಲವೂ ಸೇರಿದ ದರ ಹಾಕಿದಾಗ ಎಲ್ಲವನ್ನೂ ನಾವೇ ಒದಗಿಸಬೇಕೆಂಬ ಆಸೆಗೆ ಬೀಳಬಾರದು. ಹಾಲು ಪಕ್ಕದ ಮನೆಯಿಂದ, ತರಕಾರಿ ಊರ ಸಂತೆಯಿಂದ, ಜೀಪು ಊರಿನ ಹುಡುಗನದು, ಜೇನು ತೆಗೆಯುವವನಿಂದ ಜೇನು, ಬೆಟ್ಟ ತೋರಿಸಲು ದಾರಿ ಬಲ್ಲ ಒಬ್ಬ. ಹೀಗೆ ಅತಿಥಿಯ ರೂಪಾಯಿ ಗೇಟಿನಿಂದ ಹೊರಗೂ ನಡೆದಾಡಬೇಕು. ಆಗ ರಸ್ತೆ ಕೆಟ್ಟರೆ, ನೀರಿಗೆ ಬರ ಬಂದರೆ, ರಾತ್ರಿ ಗದ್ದಲವಾಯಿತೆಂದು ದೂರು ಬಂದರೆ ಊರು ನಮ್ಮ ಕಡೆ ಇರುತ್ತದೆ. ಬೇಲಿಯೊಳಗೆ ಎಲ್ಲವನ್ನೂ ಬಚ್ಚಿಟ್ಟುಕೊಂಡವನಿಗೆ ಊರಿನ ಋಣವೂ ಇಲ್ಲ, ಊರಿನ ಆಸರೆಯೂ ಇಲ್ಲ.

ಇನ್ನೊಂದು ಎಚ್ಚರಿಕೆ: ಅತಿಥಿಗಳ ಹಣ ಕೈಗೆ ಬರತೊಡಗಿತೆಂದು ತೋಟದ ಕೆಲಸ ಸಡಿಲಿಸಬಾರದು. ಪೇಟೆಯ ಜನ ಕೊಡುವುದು ನಮ್ಮ ಕೊಠಡಿಗೆ ಅಲ್ಲ, ಕೊಠಡಿಯ ಕಿಟಕಿಯಿಂದ ಕಾಣುವ ತೋಟಕ್ಕೆ. 2020ರ ಕೊರೋನಾ ವರ್ಷದಲ್ಲಿ ಅತಿಥಿಗಳು ಬಾರದೆ ಕೊಠಡಿಗಳಿಗೆ ಬೀಗ ಬಿದ್ದಾಗಲೂ ಅಡಿಕೆ, ಕಾಫಿ, ಕಾಳುಮೆಣಸು ಬೆಳೆದವು, ಮಾರಾಟವಾದವು. ಎರಡನೆಯ ಆದಾಯ ಎರಡನೆಯದಾಗಿಯೇ ಇರಲಿ.

ಏನೂ ಸೇರಿಲ್ಲದ ಒಂದು ದಿನ

ದೊಡ್ಡ ಪ್ಯಾಕೇಜು ಈ ವರ್ಷ ಆಗುವುದಿಲ್ಲ ಎನ್ನುವವರು ಮಕ್ಕಳನ್ನು ಒಂದು ದಿನ ಬಂಗಾರಪೇಟೆ ಕಡೆಗೆ ಕರೆದುಕೊಂಡು ಹೋಗಬಹುದು. ಬೆಂಗಳೂರಿನಿಂದ ರೈಲಿನಲ್ಲಿ ಸುಮಾರು 70 ಕಿಲೋಮೀಟರು. ಬಂಗಾರಪೇಟೆಯಲ್ಲಿ ಇಳಿದರೆ, ನೀರಿನಂತೆ ತಿಳಿಯಾದ ಪಾನಿಯ ಪಾನಿಪೂರಿ ಆ ಊರಿನ ಹೆಸರನ್ನೇ ಹೊತ್ತು ರಾಜ್ಯವೆಲ್ಲ ಸುತ್ತಿದೆ. ಮೂಲದಲ್ಲಿಯೇ ರುಚಿ ನೋಡಬಹುದು. ತಾಲ್ಲೂಕಿನ ಬೂದಿಕೋಟೆ ಹೈದರಾಲಿ ಹುಟ್ಟಿದ ಊರು. ಕಮ್ಮಸಂದ್ರದ ಕೋಟಿಲಿಂಗೇಶ್ವರದಲ್ಲಿ 108 ಅಡಿಯ ಲಿಂಗ, ಅದರ ಸುತ್ತ ಲೆಕ್ಕವಿಲ್ಲದಷ್ಟು ಸಣ್ಣ ಲಿಂಗಗಳು. ಅಲ್ಲಿಂದ ಕೆ.ಜಿ.ಎಫ್. ಪೇಟೆಗೆ ಹೆಚ್ಚು ದೂರವಿಲ್ಲ. ಗಣಿಯೊಳಗೆ ಪ್ರವಾಸಿಗಳಿಗೆ ಪ್ರವೇಶವಿಲ್ಲ. ಆದರೆ ರಸ್ತೆಯಿಂದಲೇ ತುಕ್ಕು ಹಿಡಿದ ಗಣಿಬಾವಿಯ ಗೋಪುರಗಳು, ಹಳೆಯ ಬಂಗಲೆಗಳು, ಸಾಲುಮನೆಗಳು, ಚಿನ್ನ ತೆಗೆದುಳಿದ ಪುಡಿಯ ಬೂದುಬಣ್ಣದ ಸೈನೈಡ್ ದಿಬ್ಬಗಳು ಕಾಣುತ್ತವೆ. ದಿಬ್ಬ ಹತ್ತಲು ಮಕ್ಕಳನ್ನು ಬಿಡಬೇಡಿ. ಗಾಳಿಗೆ ಏಳುವ ಆ ಧೂಳು ಒಳ್ಳೆಯದಲ್ಲ. ರಾಬರ್ಟ್‌ಸನ್‌ಪೇಟೆಯಲ್ಲಿ ಊಟ ಮಾಡಿ, ಆಟೋದವರೊಂದಿಗೆ ಎರಡು ಮಾತಾಡಿ. ಅವರ ಮನೆಯಲ್ಲಿ ಯಾರಾದರೊಬ್ಬರು ಗಣಿಗೆ ಇಳಿದವರಿದ್ದರೆ ಆಶ್ಚರ್ಯವಿಲ್ಲ. ಆ ಮಾತುಕತೆ ಯಾವ ಪ್ಯಾಕೇಜಿನಲ್ಲಿಯೂ ಸಿಗುವುದಿಲ್ಲ. ಅಲ್ಲಿ ಕೊಟ್ಟ ಪ್ರತಿ ರೂಪಾಯಿಯೂ ಕೊಟ್ಟ ಕೈಗೇ ಸೇರುತ್ತದೆ.

ಕೊನೆಗೆ, ಎಷ್ಟೋ ಸದಸ್ಯರ ರಜೆ ನಿಲ್ಲುವುದು ಹಣದ ಕಾರಣಕ್ಕಲ್ಲ. ಬೇಸಿಗೆಯಲ್ಲಿ ಅಡಿಕೆಗೆ ನೀರು ಹಾಯಿಸುವವರು ಯಾರು, ಹಟ್ಟಿಯ ಹಸುವಿಗೆ ಹುಲ್ಲು ಹಾಕುವವರು ಯಾರು, ಒಣಹಾಕಿದ್ದು ಅಕಾಲ ಮಳೆಗೆ ನೆನೆದರೆ ಗತಿ ಏನು ಎಂಬ ಚಿಂತೆಗೆ. ನಾಟಿಗೂ ಕೊಯ್ಲಿಗೂ ಮುಯ್ಯಾಳು ಮಾಡುವ ಪದ್ಧತಿ ನಮ್ಮ ಹಳ್ಳಿಗಳಲ್ಲಿ ಹಿಂದಿನಿಂದಲೂ ಇದೆ. ಅದನ್ನೇ ರಜೆಗೂ ಏಕೆ ಮಾಡಬಾರದು? ಅಕ್ಕಪಕ್ಕದ ನಾಲ್ಕು ಮನೆಯವರು ಏಪ್ರಿಲ್ ಮೊದಲ ವಾರದಲ್ಲಿಯೇ ಕುಳಿತು ದಿನ ಹಂಚಿಕೊಳ್ಳಲಿ. ಒಂದು ಮನೆಯವರು ಹೋದ ಮೂರು ದಿನ ಉಳಿದ ಮೂವರು ಆ ತೋಟದ ಪಂಪು, ಹಟ್ಟಿ, ಅಂಗಳ ನೋಡಿಕೊಳ್ಳಲಿ; ಅವರು ಬಂದ ಮೇಲೆ ಮುಂದಿನವರು ಹೊರಡಲಿ. ವಿದ್ಯುತ್ತು ಬರುವ ಹೊತ್ತು, ಪಂಪಿನ ಸ್ಟಾರ್ಟರಿನ ಗುಣ, ಯಾವ ಗೇಟುವಾಲ್ವು ಯಾವ ಪಟ್ಟೆಗೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಪಂಪುಮನೆಯ ಬಾಗಿಲಿಗೆ ಅಂಟಿಸಿ ಹೋದರೆ ಅರ್ಧ ಚಿಂತೆ ಅಲ್ಲಿಯೇ ಇಳಿಯುತ್ತದೆ.